ವಯೋಲಾ ಹಾಳೆಯ ಮೂರನೇ ತಪ್ಪು

"ಮತ್ತೆ ತಪ್ಪಿದೆ, ರುಫೀನಾ ಅರ್ಕಾದ್ಯೆವ್ನಾ." ವಯೋಲಾ ನುಡಿಸುವ ಯೆಫಿಮ್ ಹಾಳೆಯನ್ನು ಮೇಜಿನ ಮೇಲಿಟ್ಟ. ಮಾತಿನಲ್ಲಿ ದೂರು, ಕಣ್ಣಲ್ಲಿ ಹಬ್ಬ.

ರುಫೀನಾ ಲೇಖನಿ ಕೆಳಗಿಟ್ಟಳು. ಲೆನಿನ್‌ಗ್ರಾಡಿನ ಆ ನಕಲು ಕೋಣೆಯಲ್ಲಿ ಸ್ವರಲಿಪಿ ಬರೆಯುವ ಅವಳ ಕೈಗೆ ಆರು ವರ್ಷದಿಂದ ಯಾರೂ ಬೆರಳು ತೋರಿಸಿರಲಿಲ್ಲ. ಈಗ ಹೊಸ ಕ್ವಾರ್ಟೆಟ್ ಒಂದರ ನಾಲ್ಕೂ ವಾದ್ಯಗಳ ಹಾಳೆಗಳು ಅವಳ ಪಾಲಿಗೆ ಬಂದಿದ್ದವು. ವಯೋಲಾದ ಹಾಳೆಯಲ್ಲಿ ಆಗಲೇ ಎರಡು ತಪ್ಪು. "ಇನ್ನೊಂದಾದ್ರೆ ಕೊನೇ ಭಾಗ ಬೇರೆಯವರಿಗೆ," ಎಂದು ಮುಖ್ಯಸ್ಥೆ ಕಪಿತಲೀನಾ ಮಾರ್ಕೊವ್ನಾ ನಿನ್ನೆಯೇ ಹೇಳಿದ್ದರು.

"ಎಲ್ಲಿ?"

"ಇಲ್ಲಿ ಸ್ವರ ಏರಿಸೋ ಶಾರ್ಪ್ ಚಿಹ್ನೆ ಇಲ್ಲ. ಹಾಗೇ ನುಡಿಸಿದ್ರೆ ಸೆಲ್ಲೋದವ್ನು, 'ಬೆಕ್ಕಿನ ಬಾಲ ತುಳಿದ್ಯೇನೋ' ಅಂದ."

"ನಗ್ತಿದ್ದೀರಾ?"

"ಅಯ್ಯೋ ಇಲ್ಲ. ಸರಿ ಮಾಡೋ ತನಕ ಕೂತಿರ್ತೀನಿ. ಟೀ ಇದ್ಯಾ?" ಕೋಟಿನ ಜೇಬಿನಿಂದ, ಬಳೆಯಂಥ ಸುಷ್ಕಿ ಬಿಸ್ಕತ್ತುಗಳ ಸರ ಹೊರಬಂತು. ಹೋದ ಎರಡು ಸಲವೂ ಬಂದಿತ್ತು.

ಅವಳು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತಪ್ಪಾದರೆ ಬ್ಲೇಡಿನಿಂದ ಮಸಿ ಕೆರೆದು, ಆ ಜಾಗವನ್ನು ಉಗುರಿನಿಂದ ಉಜ್ಜಿ ನುಣುಪು ಮಾಡುವುದು ನಕಲುಗಾರರ ಪದ್ಧತಿ. ಶಾರ್ಪ್ ಇರಬೇಕಾದಲ್ಲಿ ಕಾಗದ ತೆಳುವಾಗಿತ್ತು, ಎಳೆಗಳು ಎದ್ದಿದ್ದವು. ಉಗುರು ತಾಕಿರಲೇ ಇಲ್ಲ.

"ಯೆಫಿಮ್ ಲ್ವೊವಿಚ್, ನಿಮ್ಮ ಬ್ಲೇಡ್ ಮೊಂಡು."

ಅವನ ಕಿವಿಗಳು ಕೆಂಪಾದವು.

"ಮೂರೂ ನೀವೇನಾ?"

"ಮೂರೂ. ನೀವು ತಪ್ಪೇ ಮಾಡಲ್ಲ. ಇನ್ಯಾವ ನೆಪ ಹೇಳ್ಕೊಂಡು ಬರ್ಲಿ?"

"ಕೊನೇ ಭಾಗ ನನ್ನ ಕೈತಪ್ಪಿ ಹೋಗ್ತಿತ್ತು!"

ಅವನ ನಗು ಅಲ್ಲೇ ಉಡುಗಿತು. ಹಾಳೆ ಎತ್ತಿಕೊಂಡು ನೇರ ಮುಖ್ಯಸ್ಥೆಯ ಕೋಣೆಗೆ ಹೋದ. ಬಾಗಿಲು ತೆರೆದೇ ಇತ್ತು.

"ಕೆರೆದಿದ್ದು ನಾನು. ಅವರನ್ನ ನೋಡೋಕೆ."

"ಕೂದಲು ನೆರೀತಿದೆ, ನಾಚಿಕೆ ಆಗಲ್ವೇನ್ರೀ?"

"ಆಗ್ತಿದೆ."

"ಹೋಗಿ, ಅವಳ ಕುಡಿಕೆಗೆ ಮಸಿ ತುಂಬಿ. ಕೊನೇ ಭಾಗ ಅವಳೇ ಬರೀಲಿ, ಸಂಜೆಯೊಳಗೆ ಬೇಕು."

ಅವನು ಹಿಂತಿರುಗಿ ಬಂದು ನಿಂತೇ ಇದ್ದ. ರುಫೀನಾ ಕೆರೆದ ಜಾಗವನ್ನು ಉಗುರಿನಿಂದ ಉಜ್ಜಿ, ಶಾರ್ಪ್ ಬರೆದು, ಮಸಿ ಆರುವ ತನಕ ತಲೆಯೆತ್ತಲಿಲ್ಲ. ಆಮೇಲೆ ಕಾಲಿನಿಂದ ಸ್ಟೂಲನ್ನು ಅವನತ್ತ ತಳ್ಳಿದಳು.

"ನಾಳೆ ಬ್ಲೇಡ್ ಮನೇಲಿ ಬಿಟ್ಟು ಬನ್ನಿ. ಸುಷ್ಕಿ ಮರೀಬೇಡಿ."

ಕೊನೆಯ ಭಾಗದಲ್ಲಿ ವಯೋಲಾ ಹನ್ನೊಂದು ಆವರ್ತ ಸುಮ್ಮನಿರುವ ಜಾಗವೊಂದಿತ್ತು. ಸರಿಯಾಗಿ ಅಲ್ಲಿಗೇ ಪುಟ ಮುಗಿಯುವಂತೆ ಅವಳು ಸಾಲುಗಳನ್ನು ಹೊಂದಿಸಿದಳು. ಪುಟ ಮಗುಚಲು ಒಂದು ಆವರ್ತ ಸಾಕು. ಉಳಿದ ಹತ್ತರಲ್ಲಿ ಅವನು ತಲೆಯೆತ್ತಬಹುದು. ಕಛೇರಿಯ ದಿನ ಸಭಾಂಗಣದ ಮೂರನೆಯ ಸಾಲಿನಲ್ಲಿ ಅವಳು ಕೂತಿರುತ್ತಾಳೆ.