ಓದಲೊಲ್ಲದ ಸಾಲು

"'ಅವರ ಕಂಠದಲ್ಲಿ ಸಾಗರ ಮಲಗಿತ್ತು.' ಇದನ್ನ ಬರೆದವರು ಯಾರು?" ಎಂದು ಅವಳು ಮೈಕಿನಲ್ಲೇ ಕೇಳಿದಳು.

ಗಾಜಿನ ಆಚೆ ಕೂತಿದ್ದ ನಿರ್ದೇಶಕ ಕೈಯನ್ನು ಅರ್ಧ ಎತ್ತಿದ.

"ಮಲಗಿದ್ರೆ ಗೊರಕೆ ಕೇಳ್ಸತ್ತೆ, ಹಾಡಲ್ಲ."

ಸೌಂಡ್ ಎಂಜಿನಿಯರ್ ನಗು ನುಂಗಿಕೊಂಡ. ನಿರ್ದೇಶಕ ನಕ್ಕೇಬಿಟ್ಟ. ಅವಳಿಗೆ ಮೈ ಉರಿಯಿತು. ಬೈಸಿಕೊಂಡವನು ನಗಬಾರದು.

ಸಂಗೀತಗಾರರ ಡಾಕ್ಯುಮೆಂಟರಿಗಳಿಗೆ ದನಿ ಕೊಟ್ಟು ಕೊಟ್ಟು ಅವಳಿಗೆ ಆ ಚಿತ್ರಗಳೆಂದರೆ ಅಲರ್ಜಿಯಾಗಿತ್ತು. ಒಂದು ಬಡ ಬಾಲ್ಯ, ಒಬ್ಬ ಸಿಡುಕಿನ ಗುರು, ಕೊನೆಗೆ ಮುಳುಗುವ ಸೂರ್ಯ. ಬದುಕಿದ್ದಾಗ ಶ್ರುತಿ ತಪ್ಪುತ್ತಿದ್ದವರೂ ಸತ್ತ ಮೇಲೆ ನಾದಬ್ರಹ್ಮರು. ಈಗಿನದು ಹೋದ ವರ್ಷ ತೀರಿಕೊಂಡ ಗಾಯಕರೊಬ್ಬರ ಮೇಲೆ, ಅವರ ಮಕ್ಕಳೇ ಮಾಡಿಸುತ್ತಿದ್ದ ಚಿತ್ರ. ಅಂದಮೇಲೆ ಕೇಳಬೇಕೆ.

ಪುಟ ತಿರುಗಿಸಿದಳು. 'ಅವರ ಪತ್ನಿಯೂ ಗಾಯಕಿ. ಪತಿಯ ಸಾಧನೆಗಾಗಿ ತನ್ನ ಹಾಡನ್ನು ನಗುನಗುತ್ತಾ ತೊರೆದ ತ್ಯಾಗಮಯಿ.'

ಹೆಡ್‌ಫೋನ್ ತೆಗೆದಿಟ್ಟಳು. "ಇದನ್ನ ನಾನು ಓದಲ್ಲ. ನಗುನಗುತ್ತಾ ಬಿಟ್ರು ಅಂತ ಹೇಳಿದ್ದು ಯಾರು?"

"ಮಕ್ಕಳು."

"ಆ ಅಮ್ಮ ಇದಾರಾ?"

"ಇದಾರೆ. ಹುಷಾರಿಲ್ಲ, ಮಾತಾಡಿಸಬೇಡಿ ಅಂದ್ರು."

"ಆ ಗಾಯಕರ ಕಾರು ಓಡಿಸ್ತಿದ್ದೋರನ್ನೂ ಮಾತಾಡಿಸಿದೀರಿ, ಹೆಂಡತಿನ ಬಿಟ್ರಿ. ಹೇಳಿದೋರ ತಾಳಕ್ಕೆ ಕುಣಿಯೋದಕ್ಕೆ ಡೈರೆಕ್ಟರ್ ಅಂತ ಹೆಸರು ಬೇರೆ ಯಾಕೆ?"

ಈ ಸಲ ಅವನು ನಗಲಿಲ್ಲ. ಮುಂದಿನ ಬೈಗುಳಕ್ಕೆ ಕಾಯುವವನಂತೆ ಅವಳ ತುಟಿಗಳನ್ನೇ ನೋಡುತ್ತಿದ್ದ. ಇಂಥ ದಡ್ಡನಿಗೆ ಅಂಥ ಕಣ್ಣುರೆಪ್ಪೆಗಳು ದಂಡ ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೂ ತಾತ್ಸಾರ ಬಂತು. ಬ್ಯಾಗ್ ಎತ್ತಿಕೊಂಡು ಹೊರಟೇಹೋದಳು.

ವಾರ ಕಳೆದ ಮೇಲೆ, ಏನೋ ತೋರಿಸಬೇಕು ಬನ್ನಿ ಎಂದು ಅವನ ಫೋನ್ ಬಂತು. ಬೈಯಲು ಬಾಕಿಯಿತ್ತೆಂದು ಹೋದಳು, ಹಾಗಂತ ತನಗೆ ತಾನೇ ಹೇಳಿಕೊಂಡಳು. ಇಕ್ಕಟ್ಟಾದ ಎಡಿಟಿಂಗ್ ಕೋಣೆ. ಅವನು ಪರದೆಯ ಮೇಲೆ ಒಂದು ತುಣುಕು ಹಾಕಿದ. ವಯಸ್ಸಾದ ಹೆಂಗಸು, ಮಡಿಲಲ್ಲಿ ಬಟಾಣಿ ಸುಲಿಯುತ್ತಾ ಕೂತಿದ್ದರು. ಗಾಯಕರ ಹೆಂಡತಿ.

"ನನ್ನ ಹಾಡು ಅಷ್ಟಕ್ಕಷ್ಟೇ. ನನಗೆ ಗೊತ್ತಾಯ್ತು, ಬಿಟ್ಟೆ," ಎಂದರು ಆಕೆ. "ಅವರದ್ದೂ ಅಷ್ಟಕ್ಕಷ್ಟೇ. ಅವರಿಗೆ ಗೊತ್ತಾಗಲಿಲ್ಲ."

"ಮತ್ತೆ ಇಷ್ಟು ವರ್ಷ ಹೇಗೆ ಕೇಳಿದ್ರಿ?" ಅದು ಕ್ಯಾಮೆರಾದ ಹಿಂದಿನಿಂದ ನಿರ್ದೇಶಕನ ದನಿ.

"ಕೇಳ್ದೋರು ಯಾರು? ಮನುಷ್ಯ ಇಷ್ಟ ಆಗಿದ್ರು. ಹಾಡಿಗೂ ಅದಕ್ಕೂ ಏನಪ್ಪಾ ಸಂಬಂಧ?"

ತುಣುಕು ಮುಗಿದರೂ ಅವಳು ಪರದೆಯನ್ನೇ ನೋಡಿದಳು. ಆಮೇಲೆ, "ಅಳ್ತಾರೆ ಅಂದ್ಕೊಂಡಿದ್ದೆ," ಎಂದಳು.

"ನಾನೂ. ಕಣ್ಣೀರು ಕಾಣ್ಲಿ ಅಂತ ಕ್ಯಾಮೆರಾ ಹತ್ತಿರ ಇಟ್ಟಿದ್ದೆ."

"ಥೂ."

"ಹೂಂ, ಆಕೆನೂ ಹಾಗೇ ನೋಡಿದ್ರು."

"ಮಕ್ಕಳು ಏನಂದ್ರು?"

"ಇದನ್ನ ತೆಗಿ, ಇಲ್ಲಾ ಚಿತ್ರ ಬಿಟ್ಟು ಹೋಗು ಅಂದ್ರು. ಬಿಟ್ಟು ಬಂದೆ. ಬೇರೆ ಯಾರೋ ಮುಗಿಸ್ತಾರೆ."

ಬೆಳಿಗ್ಗೆ ಆ ಮಕ್ಕಳಿಂದ ತನಗೂ ಫೋನ್ ಬಂದಿದ್ದು ಯಾಕೆಂದು ಅವಳಿಗೆ ಈಗ ತಿಳಿಯಿತು. "ಹೊಸ ಡೈರೆಕ್ಟರ್ ಹತ್ತಿರ ಓದಿ ಅಂತ ನನ್ನನ್ನೂ ಕರೆದ್ರು. ಗಂಟಲು ಕಟ್ಟಿದೆ ಅಂದೆ."

"ಕಟ್ಟಿದೆಯಾ?"

"ಕಟ್ಟಿದ ಹಾಗೆ ಕೇಳ್ಸತ್ತಾ?"

ಅವನು ತಲೆ ತಗ್ಗಿಸಿ ನಕ್ಕ. "ಆ ಅಮ್ಮ ಮತ್ತೆ ಬಾ ಅಂದಿದಾರೆ. ಅವರದ್ದೇ ಒಂದು ಚಿತ್ರ ಮಾಡೋಣ ಅಂತ. ನೀವೂ ಬರ್ತೀರಾ?"

"ನಾನ್ಯಾಕೆ?"

"ನಾನು ಹದ ತಪ್ಪಿದಾಗ ಬೈಯೋಕೆ." ತಡೆದು, "ಅದೊಂದೇ ಅಲ್ಲ. ನೀವು ನನಗೆ ಇಷ್ಟ ಆಗಿದೀರಿ," ಎಂದ.

ಅವಳು ಕಾದಳು. ಈಗ ಸಾಗರವೋ ಚಂದ್ರನೋ ಬಂದೇ ಬರುತ್ತದೆ, ಎದ್ದು ಹೋಗಲು ಒಂದು ನೆಪ ಸಿಗುತ್ತದೆ. ಬರಲಿಲ್ಲ.

"ಅಷ್ಟೇನಾ?"

"ಅಷ್ಟೇ."

"ಮೊದಲನೇ ಸಲ ನೆಟ್ಟಗೆ ಒಂದು ವಾಕ್ಯ ನಿಮ್ಮ ಬಾಯಲ್ಲಿ ಬಂತು," ಎಂದಳು. ದನಿಯಲ್ಲಿದ್ದ ತಿರಸ್ಕಾರ ಯಾಕೋ ನಿಲ್ಲದೆ ಜಾರಿತು. ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡಳು. "ಅಮ್ಮ ಮಾತಾಡಿದ್ದನ್ನ ಇನ್ನೊಂದ್ಸಲ ಹಾಕು, ನೋಡೋಣ."

'ಹಾಕಿ' ಅಲ್ಲ, 'ಹಾಕು'. ಅವನ ಬೆರಳು ಬಟನ್ ಮೇಲೆ ಹಾಗೇ ನಿಂತಿತು.

"ನನ್ನನ್ನೇನು ನೋಡ್ತೀಯ? ಅಲ್ಲಿ ನೋಡು."

ಅವನು ಅಲ್ಲಿ ನೋಡಲಿಲ್ಲ. ಅವಳೂ ನೋಡಲಿಲ್ಲ.