ಕೊಡ ಬಿಟ್ಟು ಹೋದವಳು

ಬೆಳಗಿನ ಪೂಜೆಯ ಗಂಟೆ ಕೇಳಿಸಲಿಲ್ಲ. ಯಾಕೆಂದು ನೋಡಲು ಬಂದ ಕಾನ್ವೆಂಟಿನ ಮದರ್ ಪ್ರಾರ್ಥನಾಲಯದ ಬಾಗಿಲಲ್ಲೇ ನಿಂತುಬಿಟ್ಟರು. ಗಂಟೆ ಬಾರಿಸಬೇಕಿದ್ದ ಎಪ್ಪತ್ತೆಂಟರ ಸಿಸ್ಟರ್ ಪೀಠದ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದರು. ತಲೆಯ ಕೆಳಗೆ ರಕ್ತ. ಗೋಡೆಗೆ ಏಣಿ ಒರಗಿತ್ತು. ನೂರು ವರ್ಷದಿಂದ ಸಿಸ್ಟರುಗಳ ಸಂಘದ ಲಾಂಛನದ ಹಲಗೆ ಇದ್ದ ಜಾಗದಲ್ಲಿ ಒಂದು ಬಿಳಿ ಚೌಕ ಮಾತ್ರ ಉಳಿದಿತ್ತು.

ಇನ್ಸ್‌ಪೆಕ್ಟರ್ ಬರುವ ಹೊತ್ತಿಗೆ ಆಂಬುಲೆನ್ಸ್ ಹೊರಡುತ್ತಿತ್ತು. ಸ್ಟ್ರೆಚರ್ ಮೇಲಿನ ಮುಖ ನೋಡಿ ಅವಳು ಹತ್ತಿರ ಓಡಿದಳು.

"ದೊಡ್ಡಮ್ಮಾ..."

ದೊಡ್ಡಮ್ಮನಿಗೆ ಎಚ್ಚರವಿರಲಿಲ್ಲ. ಜೊತೆಗೆ ಹೋಗಬೇಕೆನಿಸಿತು. ಆದರೆ ಅವಳು ಹೋಗಲಿಲ್ಲ. ಫೋನಿನಲ್ಲಿ ಮೇಲಧಿಕಾರಿ ಕೇಳಿದರು:

"ನಿಮ್ಮ ತಾಯಿಯ ಅಕ್ಕ ಅಲ್ವೇನಮ್ಮ? ಕೇಸು ಬೇರೆಯವರಿಗೆ ಕೊಡಬೇಕಾಗುತ್ತೆ."

"ಸಂಜೆವರೆಗೂ ನನ್ನ ಹತ್ರನೇ ಇರಲಿ ಸಾರ್."

"ಸಂಜೆವರೆಗೆ ಮಾತ್ರ."

* * *

ಬಾಗಿಲು ಮುರಿದಿರಲಿಲ್ಲ. ಸಿಸ್ಟರ್ ಐದಕ್ಕೇ ಬೀಗ ತೆಗೆಯುತ್ತಾರೆಂದು ಬಂದವನಿಗೆ ಗೊತ್ತಿತ್ತು. ಬೆಳ್ಳಿಯ ಪೂಜಾಪಾತ್ರೆ ಇದ್ದಲ್ಲೇ ಇತ್ತು. ಲಾಂಛನದ ತಿರುಪುಗಳನ್ನು ನಾಜೂಕಾಗಿ ಬಿಚ್ಚಿ ಸಾಲಾಗಿ ಇಟ್ಟಿದ್ದ.

"ಏಣಿ ಯಾರದು?"

"ಎಲೆಕ್ಟ್ರಿಷಿಯನ್‌ದು," ಎಂದರು ಮದರ್. "ನಿನ್ನೆ ನಿನ್ನ ದೊಡ್ಡಮ್ಮ ಅವನಿಗೆ ಚೆನ್ನಾಗಿ ಬೈದಿದ್ರು. ಇವತ್ತು ಫೋನೂ ಎತ್ತುತ್ತಿಲ್ಲ."

ಅವನನ್ನು ಹುಡುಕಲು ಎರಡು ಗಂಟೆ ಹಾಳಾಯಿತು. ಸಿಕ್ಕಿದ್ದು ಹೆರಿಗೆ ಆಸ್ಪತ್ರೆಯಲ್ಲಿ.

"ಮಗಳಿಗೆ ರಾತ್ರಿಯೆಲ್ಲಾ ನೋವು ಮೇಡಂ. ಇಲ್ಲಿಂದ ಅಲ್ಲಾಡಿಲ್ಲ ನಾನು." ನರ್ಸ್ ತಲೆಯಾಡಿಸಿದಳು. ನಿಜ.

ದೊಡ್ಡಮ್ಮನಿಗೆ ಇನ್ನೂ ಎಚ್ಚರವಿಲ್ಲ ಎಂದು ಡಾಕ್ಟರ್ ಎರಡು ಸಲ ಹೇಳಿದ್ದರು. ಮೂರನೆಯ ಸಲ ಕೇಳಲು ಅವಳಿಗೆ ಧೈರ್ಯ ಬರಲಿಲ್ಲ. ಮತ್ತೆ ಮದರ್ ಬಳಿ ಬಂದಳು.

"ಆ ಲಾಂಛನದಲ್ಲಿ ಅಂಥದ್ದೇನಿದೆ ಮದರ್?"

ಮದರ್ ಒಂದು ಕಾಗದ ಕೊಟ್ಟರು. ಅದರ ಮೇಲ್ತುದಿಯಲ್ಲಿ ಅದೇ ಲಾಂಛನದ ಮುದ್ರೆಯಿತ್ತು. ಒಂದು ಬಾವಿ, ಪಕ್ಕದಲ್ಲಿ ಒಂದು ಕೊಡ. ಅಷ್ಟೇ.

"ಬೈಬಲಲ್ಲಿ ಬರೋ ಸಮಾರಿಯದ ಹೆಂಗಸು ನೀರಿಗೆ ಬಂದಿದ್ಲು. ಬಾವಿ ಹತ್ರ ಯೇಸುಸ್ವಾಮಿ ಸಿಕ್ಕಿದ್ರು. ಅವರ ಮಾತು ಕೇಳಿ ಕೊಡ ಅಲ್ಲೇ ಬಿಟ್ಟು ಊರಿಗೆ ಓಡಿದ್ಲು, ಜನರನ್ನ ಕರೆಯೋಕೆ. ಕಾಲರಾ ಬಂದ ವರ್ಷ ನಮ್ಮ ಸಂಸ್ಥಾಪಕಿಯ ಮನಸ್ಸಿಗೆ ಇದೇ ನಾಟಿತು. ಮನೆ ಬಿಟ್ಟು ರೋಗಿಗಳ ಹತ್ರ ಹೋದ್ರು. ಕೈಲಿರೋದನ್ನ ಕೆಳಗಿಡದೆ ಬಿದ್ದವರನ್ನ ಎತ್ತೋಕಾಗಲ್ಲ ಅಂತಿದ್ರಂತೆ. ಹಲಗೆ ಮೇಲೆ ಅವರೇ ಬರೆದ ಚಿತ್ರ ಅದು. ಮೇಣದಬತ್ತಿ ಹೊಗೆಗೆ ಕೆಳಗಿನರ್ಧ ಪೂರ್ತಿ ಕಪ್ಪಾಗಿತ್ತು. ಅದನ್ನ ಶುಚಿ ಮಾಡೋಕೆ ಮುಂದಿನ ವಾರ ಕಲಾವಿದರು ಬರೋರಿದ್ರು."

"ಅವರು ಮೊದಲು ಬಂದಿದ್ರಾ?"

"ಹೋದ ವಾರ ಬಂದು ಅಳತೆ ತಗೊಂಡು ಹೋದ್ರು."

* * *

ಕಲಾವಿದನ ಕೋಣೆಯ ತುಂಬ ಟರ್ಪೆಂಟೈನ್ ವಾಸನೆ. ಐವತ್ತು ದಾಟಿದ ಮನುಷ್ಯ. ಹಳೆಯ ಚಿತ್ರಗಳಿಗೆ ಜೀವ ಕೊಡುವುದರಲ್ಲಿ ಎತ್ತಿದ ಕೈ ಎಂದು ಹೆಸರಿತ್ತು.

"ಸುದ್ದಿ ಈಗ ತಾನೇ ಕೇಳಿದೆ," ಎಂದ. "ಸಿಸ್ಟರ್ ಹೇಗಿದ್ದಾರೆ?"

"ಗೊತ್ತಿಲ್ಲ. ನೀವು ಹಲಗೆ ಮೇಲೆ ಏನಾದ್ರೂ ಕೆಲಸ ಮಾಡಿದ್ರಾ?"

"ಇಲ್ಲ ಮೇಡಂ. ಕೆಳಗಿಳಿಸಿ ಅಳತೆ ಹಿಡಿದೆ, ಅಷ್ಟೇ."

"ಹುಡುಕೋರಿಗೆ ಗುರುತು ಬೇಕು. ಚಿತ್ರ ಹೇಗಿತ್ತು ಹೇಳಿ."

"ಬಾವಿ. ಎಡಕ್ಕೆ ಕೊಡ. ಕೆಳಗೆ ಊರ ಕಡೆ ಹೋಗೋ ಬರಿಗಾಲಿನ ಹೆಜ್ಜೆಗಳು. ಸೊಗಸಾದ ಕೆಲಸ ಮೇಡಂ."

ಅವಳ ಪೆನ್ನು ನಿಂತಿತು. ಅಲ್ಲಿಂದಲೇ ಮದರ್‌ಗೆ ಫೋನ್ ಮಾಡಿದಳು.

"ಹೆಜ್ಜೆಗಳಾ? ನಲವತ್ತು ವರ್ಷದಿಂದ ನೋಡ್ತಿದೀನಿ ಮಗಳೇ, ಅದರಲ್ಲಿ ಹೆಜ್ಜೆ ಇಲ್ಲ."

ಅವಳು ಫೋನ್ ಇಟ್ಟಳು. ಕಲಾವಿದನ ಕಡೆ ತಿರುಗಿದಳು.

"ಹೊಗೆ ತೆಗೀದೆ ಆ ಹೆಜ್ಜೆ ಯಾರಿಗೂ ಕಾಣಲ್ಲ," ಎಂದಳು. "ಅಳತೆ ಮಾತ್ರ ತಗೊಂಡೋರಿಗೆ ಹೇಗೆ ಕಾಣ್ತು? ಬೆಳ್ಳಿ ಮುಟ್ಟಿಲ್ಲ ಅಂದ್ರೆ ಬಂದವನು ಕಳ್ಳ ಅಲ್ಲ. ತಿರುಪು ಸಾಲಾಗಿ ಇಟ್ಟಿದ್ದಾನೆ ಅಂದ್ರೆ ಹಳೇ ಹಲಗೆಗೆ ಪೆಟ್ಟಾಗಬಾರದು ಅನ್ನೋನು. ಎಲ್ಲಿದೆ ಹೇಳಿ."

ಅವನು ಬೀರುವಿನ ಕಡೆ ಕೈ ತೋರಿಸಿದ. ಕಂಬಳಿಯಲ್ಲಿ ಸುತ್ತಿದ ಹಲಗೆ. ಕೆಳಗಿನ ಮೂಲೆಯಲ್ಲಿ ನಾಲ್ಕು ಹೆಜ್ಜೆ. ಐದನೆಯದರ ಜಾಗದಲ್ಲಿ ಬರಿ ಮರ.

"ಅಳತೆ ತಗೊಳ್ಳೋವಾಗ ಹೊಗೆ ತೆಗೆಯೋ ದ್ರಾವಣ ಹಾಕಿ ನೋಡಿದೆ," ಎಂದ. "ಜಾಸ್ತಿ ಆಯ್ತು. ಹೊಗೆ ಜೊತೆ ಬಣ್ಣಾನೂ ಬಂತು. ಕಾಡಿಗೆ ಬಳಿದು ಮುಚ್ಚಿಟ್ಟೆ. ನಿನ್ನೆ ಸಿಸ್ಟರ್ ಫೋನ್ ಮಾಡಿದ್ರು, ಧೂಳು ಒರೆಸಿದ್ರೆ ಬಟ್ಟೆಗೆ ಕಪ್ಪು ಹತ್ತುತ್ತಿದೆ, ನಾಳೆ ಮದರ್‌ಗೆ ತೋರಿಸ್ತೀನಿ ಅಂದ್ರು. ಮೂವತ್ತು ವರ್ಷದ ಹೆಸರು ಮೇಡಂ! ತಂದು ಸರಿಮಾಡಿ ವಾಪಸ್ ಇಡೋಣ ಅಂತ ಹೋದೆ. ಅವರು ಬಂದು ಹಲಗೆ ಹಿಡ್ಕೊಂಡ್ರು. ನಾನು ಎಳೆದೆ. ಮೆಟ್ಟಿಲಿಂದ ಉರುಳಿದ್ರು."

"ಉಸಿರಾಡ್ತಿದ್ರಾ?"

"...ಹ್ಞೂಂ. ನನ್ನನ್ನೇ ನೋಡ್ತಿದ್ರು."

"ಜೇಬಲ್ಲಿ ಫೋನ್ ಇತ್ತಾ?"

"ಇತ್ತು."

"ಸಮಾರಿಯದ ಹೆಂಗಸು ಕೊಡ ಬಿಟ್ಟು ಓಡಿದ್ದು ಜನರನ್ನ ಕರೆಯೋಕೆ," ಎಂದಳು ಇನ್ಸ್‌ಪೆಕ್ಟರ್. "ನೀವು ಹಲಗೆ ಹಿಡ್ಕೊಂಡು ಓಡಿದ್ರಿ. ಯಾರನ್ನೂ ಕರೀಲಿಲ್ಲ."

* * *

ಸಂಜೆ ಆಸ್ಪತ್ರೆಯ ಕಾರಿಡಾರಿನಲ್ಲಿ ಅವಳು ಓಡಿಯೇ ಹೋದಳು. ದೊಡ್ಡಮ್ಮ ಕಣ್ಣು ಬಿಟ್ಟಿದ್ದರು. ತಲೆಗೆ ಹನ್ನೊಂದು ಹೊಲಿಗೆ. ಅವಳು ಕೈ ಹಿಡಿದುಕೊಂಡು ನಡೆದಿದ್ದೆಲ್ಲ ಹೇಳಿದಳು. ಕೊನೆಗೆ ಅತ್ತುಬಿಟ್ಟಳು.

"ಅಳಬೇಡ ಪುಟ್ಟಿ. ನಾನು ಅವನನ್ನ ಕ್ಷಮಿಸಿದೀನಿ."

"ಅಂದ್ರೆ... ಕೇಸು ಬೇಡ್ವಾ?"

ದೊಡ್ಡಮ್ಮ ದಿಂಬಿನ ಮೇಲೇ ಕಣ್ಣರಳಿಸಿದರು.

"ಯಾರು ಬೇಡ ಅಂದ್ರು? ಕ್ಷಮಿಸೋದು ನನ್ನ ಕೆಲಸ. ಹೋಗು, ನಿನ್ನ ಕೆಲಸ ನೀನು ಮಾಡು."