ಅಕ್ಕನ ಪಾಲಿನ ಅರವತ್ತೆರಡು

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ದೂರು ಬಂತು. ಕೊಟ್ಟವಳು ವಾದ್ಯವೃಂದದಲ್ಲಿ ಮೊದಲ ಪಿಟೀಲು ನುಡಿಸುವ ಹೆಂಗಸು. ವೃಂದದ ಕಾರ್ಯದರ್ಶಿಗೆ ಹೆಸರಿಲ್ಲದ ಇಮೇಲ್ ಬಂದಿತ್ತು: ‘ನಿಮ್ಮ ಪಿಟೀಲಿನವಳಿಗೆ ಅರವತ್ತೆರಡು ಡೆಸಿಬೆಲ್ ಕಿವುಡು.’ ಶುಕ್ರವಾರದ ಸಭೆಯಲ್ಲಿ ಅವಳ ಜಾಗಕ್ಕೆ ಬೇರೊಬ್ಬರನ್ನು ಕೂರಿಸುವ ಮಾತು ನಡೆದಿತ್ತು.

“ನಿಜಾನಾ?” ಇನ್‌ಸ್ಪೆಕ್ಟರ್ ಕೇಳಿದರು.

“ನಂದು ಬರೀ ಇಪ್ಪತ್ತೆರಡು ಸಾರ್, ಕಿವಿ ಸರಿಯಾಗೇ ಇದೆ. ರಿಪೋರ್ಟ್ ತೋರಿಸಿದ್ರೆ, ತಿದ್ದಿಸಿಕೊಂಡು ಬಂದಿದ್ದೀಯ ಅಂತಾರೆ.”

ಎಫ್‌ಐಆರ್ ದಾಖಲಾಯಿತು. ದಫೇದಾರರು ಅವಳು ಪರೀಕ್ಷೆ ಮಾಡಿಸಿಕೊಂಡಿದ್ದ ಕಿವಿ ಕ್ಲಿನಿಕ್ಕಿಗೆ ಹೊರಟರು. ಜೊತೆಗೆ ಹೊಸ ಮಹಿಳಾ ಕಾನ್‌ಸ್ಟೇಬಲ್. ಆಕೆ ಬಂದ ಮೇಲೆ ಇನ್‌ಸ್ಪೆಕ್ಟರರ ಬಾಯಿಂದ ‘ಭೇಷ್’ ಎಂಬ ಮಾತು ದಫೇದಾರರ ಕಡೆ ತಿರುಗಿಯೇ ಇರಲಿಲ್ಲ. ಇಷ್ಟು ವರ್ಷದ ಸರ್ವಿಸಿಗೆ ಕವಡೆ ಕಾಸಿನ ಕಿಮ್ಮತ್ತಿಲ್ಲವೆಂದು ಅವರಿಗೆ ಹೊಟ್ಟೆ ಉರಿಯುತ್ತಿತ್ತು. ಆಕೆಗೆ ‘ಕಂಪ್ಯೂಟರಮ್ಮ’ ಎಂದು ಹೆಸರಿಟ್ಟು ಒಂದಿಷ್ಟು ಉರಿ ತಣಿಸಿಕೊಂಡಿದ್ದರು.

“ಸಾವಿರಾರು ಜನರ ಕಿವಿ ಪರೀಕ್ಷೆ ಲೆಕ್ಕ, ನಮ್ಮ ಕಂಪ್ಯೂಟರಿಗೆ ಆಗಲ್ಲ,” ಎಂದರು ಕ್ಲಿನಿಕ್ಕಿನ ಡಾಕ್ಟರು. “ಹೊರಗಿನ ಮೂರು ಸರ್ವರ್ ಕೇಂದ್ರಗಳಿಗೆ ಕೊಡ್ತೀವಿ. ಹೆಸರು ಕೊಡಲ್ಲ, ಟೋಕನ್ ನಂಬರ್ ಮಾತ್ರ. ಸಂಖ್ಯೇನೂ ಇಡಿಯಾಗಿ ಕೊಡಲ್ಲ, ಮೂರು ಪಾಲು ಮಾಡ್ತೀವಿ. ಅವರವರ ಪಾಲಿನ ಲೆಕ್ಕ ಅವರು ಮಾಡ್ತಾರೆ, ಕೊನೆಗೆ ಕೂಡಿಸೋದು ನಾವು.”

“ಒಂದೇ ಪಾಲು ನೋಡಿದ್ರೆ?” ದಫೇದಾರರು ಕೇಳಿದರು.

“ಏನೂ ತಿಳಿಯಲ್ಲ.”

ಕಂಪ್ಯೂಟರಮ್ಮ ದೂರುದಾರಳ ಮೂರು ಪಾಲನ್ನೂ ತೆರೆಸಿದಳು. ಮೊದಲ ಕೇಂದ್ರಕ್ಕೆ ಹತ್ತು, ಎರಡನೆಯದಕ್ಕೆ ಅರವತ್ತೆರಡು, ಮೂರನೆಯದಕ್ಕೆ ಕಳೆಯಬೇಕಾದ ಐವತ್ತು. ಎಲ್ಲ ಸೇರಿದರೆ ಇಪ್ಪತ್ತೆರಡು.

“ಎರಡನೇ ಕೇಂದ್ರದವರೇ ಸಾರ್. ತಮ್ಮ ಪಾಲನ್ನೇ ಇಡೀ ಸಂಖ್ಯೆ ಅಂದ್ಕೊಂಡಿದ್ದಾರೆ.”

ಡಾಕ್ಟರು ಆಕೆಯನ್ನು ಹೊಗಳಿದರು. ದಫೇದಾರರ ಮುಖ ಹರಳೆಣ್ಣೆ ಕುಡಿದಂತಾಯಿತು. ಅವರು ದೂರುದಾರಳಿಗೆ ಫೋನ್ ಮಾಡಿದರು.

“ನಿಮ್ಮ ಟೋಕನ್ ನಂಬರ್ ಯಾರಿಗೆ ಗೊತ್ತಿತ್ತು?”

“ಅಕ್ಕನಿಗೆ ಮಾತ್ರ. ಪರೀಕ್ಷೆಗೆ ಜೊತೆಗೆ ಬಂದಿದ್ಲು.”

“ಅವರಿಗೆ ಕೆಲಸ ಎಲ್ಲಿ?”

“ಯಾವುದೋ ಸರ್ವರ್ ಕೇಂದ್ರದಲ್ಲಿ ಮೆಷಿನ್ ನೋಡ್ಕೋತಾಳೆ.” ಆಮೇಲೆ ಅವಳ ದನಿ ಕುಗ್ಗಿತು. “ಅಕ್ಕ ಅಂಥವಳಲ್ಲ ಸಾರ್.”

ಸಂಜೆ ನಾಲ್ಕೂವರೆಗೆ ಎರಡನೇ ಕೇಂದ್ರದಲ್ಲಿ ಪಂಚನಾಮೆ ನಡೆಯಿತು. ಕೋಣೆ ಥಂಡಿ, ಫ್ಯಾನುಗಳ ಗದ್ದಲಕ್ಕೆ ಕೂಗಿ ಮಾತಾಡಬೇಕು. ಆ ಟೋಕನ್ನಿನ ಸಾಲು ತೆರೆದದ್ದು ಅಕ್ಕನ ಲಾಗಿನ್‌ನಿಂದಲೇ ಎಂದು ಪಂಚರ ಮುಂದೆ ದಾಖಲಾಯಿತು. ಅಲ್ಲೇ ನಿಂತಿದ್ದ ಅಕ್ಕ ಒಪ್ಪಿಕೊಂಡಳು.

“ಯಾಕಮ್ಮಾ?” ಎಂದರು ದಫೇದಾರರು.

“ಅಪ್ಪ ತಂದಿದ್ದು ಒಂದೇ ಪಿಟೀಲು. ತಂಗಿ ಬೆರಳು ಉದ್ದ ಅಂತ ಅವಳಿಗೆ ಕೊಟ್ರು. ಆವತ್ತಿಂದ ಮುಂದಿನ ಸಾಲಲ್ಲಿ ಕೂತು ಚಪ್ಪಾಳೆ ತಟ್ಟೋದೇ ನನ್ನ ಪಾಲು. ಆ ಅರವತ್ತೆರಡು ನೋಡಿದಾಗ ಖುಷಿ ಆಯ್ತು ಸಾರ್. ಆಮೇಲೆ ಅಳು ಬಂತು. ಅಳ್ತಾನೇ ಇಮೇಲ್ ಕಳಿಸ್ದೆ.”

“ಅದು ಇಡೀ ಸಂಖ್ಯೆ ಅಲ್ಲಮ್ಮ. ಅವರಿಗೆ ಚೆನ್ನಾಗೇ ಕೇಳಿಸುತ್ತೆ.”

“ಹಾಗಾದ್ರೆ ಇದೂ ಅವಳ ಕಿವಿಗೆ ಬೀಳುತ್ತೆ,” ಎಂದು ಮುಖ ಮುಚ್ಚಿಕೊಂಡಳು.

ಆರು ಗಂಟೆಗೆ ಬಂಧನವಾಯಿತು. ಇನ್‌ಸ್ಪೆಕ್ಟರ್ ಕಾರ್ಯದರ್ಶಿಗೆ ಫೋನ್ ಮಾಡಿ ನಿಜ ತಿಳಿಸಿದರು. ಪಿಟೀಲಿನವಳ ಜಾಗ ಉಳಿಯಿತು. ಅವಳು ಮಾತ್ರ ಠಾಣೆಯ ಬೆಂಚಿನಲ್ಲಿ ಕೂತು, ಅಕ್ಕನಿಗೆ ಜಾಮೀನು ಯಾವಾಗ ಸಿಗುತ್ತದೆಂದು ಕೇಳುತ್ತಿದ್ದಳು.

ದಫೇದಾರರು ತಮ್ಮ ವರದಿಯನ್ನು ಇನ್ನೊಮ್ಮೆ ಓದಿದರು. ‘ಕ್ಲಿನಿಕ್ಕಿನಲ್ಲಿ ಸಂಖ್ಯೆಗಳನ್ನು ಪರಿಶೀಲಿಸಲಾಗಿ ಸುಳಿವು ದೊರೆಯಿತು’ ಎಂದು ಬರೆದಿದ್ದರು. ಯಾರು ಪರಿಶೀಲಿಸಿದ್ದೆಂದು ಬೇಕೆಂದೇ ಬಿಟ್ಟಿದ್ದರು. ಅವರಿಗೆ ನಾಚಿಕೆಯಾಯಿತು.

“ಏನಮ್ಮಾ, ನಿನ್ನ ಪೂರ್ತಿ ಹೆಸರೇನು?” ಎಂದು ಕಂಪ್ಯೂಟರಮ್ಮನನ್ನು ಕೇಳಿದರು.

“ಯಾಕೆ ಸಾರ್?”

“ವರದಿಗೆ ಬೇಕು.”

ಆಕೆ ಹೇಳಿದಳು. ದಫೇದಾರರು ಕಾಗುಣಿತ ಕೇಳಿ ಕೇಳಿ ಬರೆದುಕೊಂಡರು.